ದೆವ್ವದ ಎಡಗೈ ಬಳೆ

ಅಕ್ಕನನ್ನು ನಾವು ಮೊದಲ ಸಲ ಕರೆದದ್ದು ಒಂದು ದೆವ್ವಕ್ಕೆ ಬಳೆ ಇಡುವುದಕ್ಕೆ. ಕುರುಗೋಡಿನ ಬಸ್ ನಿಲ್ದಾಣದ ಹತ್ತಿರ, ಹಣ್ಣಿನ ಗಾಡಿಗಳ ಸಾಲು ಮುಗಿಯುವಲ್ಲಿ, ಒಂದು ಬಾಗಿಲಿನಷ್ಟೇ ಅಗಲದ ಬಳೆ ಅಂಗಡಿ ಆಕೆಯದು. ನಾನು ಹೋಗಿ, ಸಿನಿಮಾದವರು ಬಂದಿದ್ದೇವೆ, ಸತ್ತು ದೆವ್ವವಾದ ಮುತ್ತೈದೆಯ ಪಾತ್ರವಿದೆ, ಬಂದು ಆ ಹುಡುಗಿಯ ಕೈಗೆ ಹಸಿರು ಬಳೆ ಇಟ್ಟುಕೊಡಬೇಕು ಎಂದು ಕೇಳಿದೆ. ಆಕೆ ಕೈಯಲ್ಲಿದ್ದ ಬಳೆಯ ಸರವನ್ನು ಕೆಳಗಿಡದೆ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

“ದೆವ್ವಕ್ಕಾದ್ರ ನನ್ನ ಕೈ ನಡೀತೈತಿ ಬಿಡು ತಮ್ಮಾ,” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಆಮೇಲೆ ತಿಳಿಯಿತು. ಗಂಡ ತೀರಿಕೊಂಡ ಮೇಲೆ ಮದುವೆಗಾಗಲಿ ಸೀಮಂತಕ್ಕಾಗಲಿ ಬಳೆ ಇಡಲು ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಹೆಂಗಸರು ಅಂಗಡಿಗೆ ಬರುತ್ತಿದ್ದರು, ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು, ಆದರೆ ತಮ್ಮ ಕೈಯನ್ನು ಆಕೆಯ ಕೈಗೆ ಕೊಡುತ್ತಿರಲಿಲ್ಲ. ಹನ್ನೆರಡು ವರ್ಷಗಳ ಮೇಲೆ ಆಕೆ ಮೊದಲ ಬಾರಿಗೆ ಬಳೆ ಇಟ್ಟದ್ದು ನಮ್ಮ ದೆವ್ವದ ಕೈಗೆ.

ಹೋದ ತಿಂಗಳು ಅಕ್ಕ ತೀರಿಕೊಂಡಳು. ಮೂರು ಸಿನಿಮಾಗಳಿಗೆ ಆಕೆ ನಮ್ಮ ಜೊತೆ ಕೆಲಸ ಮಾಡಿದ್ದಳು, ಮೂರೂ ಒಂದೇ ದೆವ್ವದ ಕಥೆಗಳು, ಹೆದರಿಸುವುದಕ್ಕಿಂತ ನಗಿಸುವುದೇ ಹೆಚ್ಚು. ಮೂರರಲ್ಲೂ ಆಕೆಯ ಹೆಸರು ತೆರೆಯ ಮೇಲೆ ‘ಕಂಟಿನ್ಯುಟಿ’ ಎಂಬ ಪದದ ಕೆಳಗೆ ಬಂದಿದೆ. ಮೂರು ಸಲವೂ ಬೇರೆ ಬೇರೆ ಕಾಗುಣಿತದಲ್ಲಿ ಬಂದಿದೆ. ಹಾಗಾಗಿ ನಾನು ಇಲ್ಲಿ ನಾಲ್ಕನೆಯ ಕಾಗುಣಿತವನ್ನು ಸೇರಿಸುವುದಿಲ್ಲ, ಅಕ್ಕ ಎಂದೇ ಬರೆಯುತ್ತೇನೆ. ಯೂನಿಟ್ಟಿನಲ್ಲಿ ನಾವೆಲ್ಲ ಕರೆಯುತ್ತಿದ್ದುದೂ ಹಾಗೆಯೇ.

ಕಂಟಿನ್ಯುಟಿ ಎಂದರೆ ಇಷ್ಟೇ. ಸಿನಿಮಾದಲ್ಲಿ ಒಂದು ದೃಶ್ಯದ ಅರ್ಧವನ್ನು ಇವತ್ತು ತೆಗೆದರೆ ಉಳಿದರ್ಧವನ್ನು ಮುಂದಿನ ವಾರ ಇನ್ನೊಂದು ಊರಿನಲ್ಲಿ ತೆಗೆಯುತ್ತಾರೆ. ಅಲ್ಲಿ ಹಚ್ಚಿದ ಕುಂಕುಮ ಇಲ್ಲಿ ಅಳಿಸಿರಬಾರದು, ಅಲ್ಲಿ ಮುಚ್ಚಿದ ಬಾಗಿಲು ಇಲ್ಲಿ ತೆರೆದಿರಬಾರದು. ಒಂದೇ ಸಿನಿಮಾಕ್ಕೆ ಇಷ್ಟು ತಾಪತ್ರಯ. ಅದರ ಎರಡನೆಯ ಭಾಗ, ಮೂರನೆಯ ಭಾಗ ಎಂದು ವರ್ಷಗಟ್ಟಲೆ ಎಳೆದರೆ ಕೇಳುವುದೇ ಬೇಡ. ಸಹಾಯಕ ನಿರ್ದೇಶಕನಾಗಿ ಇದನ್ನೆಲ್ಲ ನೋಡಿಕೊಳ್ಳಬೇಕಾದವನು ನಾನು. ನನ್ನ ಹತ್ತಿರ ಒಂದು ಮೊಬೈಲು, ಒಂದು ನೋಟ್‌ಬುಕ್ಕು ಮತ್ತು ಬೆಂಗಳೂರಿನಲ್ಲಿ ಆರು ತಿಂಗಳು ಕಲಿತು ಬಂದೆನೆಂಬ ಜಂಬ, ಮೂರೂ ಇದ್ದವು.

ನಮ್ಮದು ಮಟಮಟ ಮಧ್ಯಾಹ್ನದ ದೆವ್ವ. ರಾತ್ರಿ ಚಿತ್ರೀಕರಣದ ದೀಪಗಳನ್ನು ತರಿಸುವ ಶಕ್ತಿ ನಮಗಿರಲಿಲ್ಲ ಎಂಬುದು ನಿಜ, ಆದರೆ ನಿರ್ದೇಶಕರು ಅದನ್ನೇ ಕಥೆ ಮಾಡಿದರು. ಬಳ್ಳಾರಿ ಜಿಲ್ಲೆಯ ಬಿಸಿಲಿಗೆ ಮನುಷ್ಯರೆಲ್ಲ ಒಳಗೆ ಸೇರಿಕೊಂಡಿರುವಾಗ ಖಾಲಿ ಬೀದಿಯಲ್ಲಿ ಓಡಾಡಲು ಧೈರ್ಯವಿರುವುದು ದೆವ್ವಕ್ಕೆ ಮಾತ್ರ ಎಂಬುದು ಅವರ ವಾದ. ನಿರ್ದೇಶಕರು ಮೋಕಾದವರು, ಮಾತು ಅರ್ಧ ಕನ್ನಡ, ಅರ್ಧ ತೆಲುಗು, ಸಿಟ್ಟು ಬಂದರೆ ಪೂರ್ತಿ ತೆಲುಗು. ದೆವ್ವದ ಪಾತ್ರದ ಹುಡುಗಿ ಸಿರುಗುಪ್ಪದವಳು, ನಾಟಕಗಳಲ್ಲಿ ಪಳಗಿದವಳು. ಕಥೆಯ ಪ್ರಕಾರ ಆಕೆ ಗಂಡ ಬದುಕಿರುವಾಗಲೇ ಬಾವಿಗೆ ಬಿದ್ದು ಸತ್ತವಳು. ಅದಕ್ಕೇ ಹಸಿರು ಸೀರೆ, ಎರಡೂ ಕೈಗೆ ಆರಾರರಂತೆ ಹನ್ನೆರಡು ಹಸಿರು ಬಳೆ.

ಮೊದಲ ದಿನವೇ ಬಾವಿಯ ಕಟ್ಟೆ ಹತ್ತುವಾಗ ಒಂದು ಬಳೆ ಒಡೆಯಿತು. ಅದೇ ಹಸಿರಿನ ಬಳೆ ಅಂಗಡಿಯಲ್ಲಿ ಮುಗಿದಿತ್ತು. ಇನ್ನೊಂದನ್ನು ಬಳ್ಳಾರಿಯಿಂದ ತರಿಸಬೇಕು ಎಂದು ನಾನು ಒದ್ದಾಡುತ್ತಿದ್ದಾಗ ಅಕ್ಕ ಸುಮ್ಮನೆ ಎದ್ದು ಮನೆಗೆ ಹೋದಳು. ಅರ್ಧ ಗಂಟೆಯಲ್ಲಿ ಸೆರಗಿನ ತುದಿಯಲ್ಲಿ ಒಂದು ಬಳೆ ಗಂಟು ಹಾಕಿಕೊಂಡು ಬಂದಳು. ಅದು ಉಳಿದವಕ್ಕಿಂತ ತುಸು ದಪ್ಪ, ಬಣ್ಣವೂ ತುಸು ಗಾಢ. ಬಿಸಿಲಿಗೆ ಹಿಡಿದರೆ ಗಾಜಿನೊಳಗೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಕಾಣುತ್ತಿತ್ತು. ಹೊಂದುವುದಿಲ್ಲವಲ್ಲ ಎಂದು ನಾನು ರಾಗ ಎಳೆದೆ. ಆದರೆ ಕ್ಯಾಮೆರಾದಲ್ಲಿ ಆ ಗುಳ್ಳೆ ಮಧ್ಯಾಹ್ನದ ಬೆಳಕಿಗೆ ಮಿನುಗಿದ್ದನ್ನು ನೋಡಿ ನಿರ್ದೇಶಕರು ಕುಣಿದಾಡಿಬಿಟ್ಟರು. ಮೊದಲು ತೆಗೆದದ್ದನ್ನು ಬಿಟ್ಟು ಬಳೆಯನ್ನೇ ಹತ್ತಿರದಿಂದ ತೋರಿಸಿ ಹೊಸದಾಗಿ ತೆಗೆಸಿದರು. ಕೊನೆಗೆ ಕಥೆಯಲ್ಲೂ ಅದೇ ಗುರುತಾಯಿತು. ಗಂಡ ಆ ಗುಳ್ಳೆಯನ್ನು ನೋಡಿಯೇ, ಈ ದೆವ್ವ ನನ್ನ ಹೆಂಡತಿ ಎಂದು ಗುರುತು ಹಿಡಿಯುತ್ತಾನೆ.

ಕುರುಗೋಡಿನ ಬಾವಿಗೆ ಹಾರಿದ ದೆವ್ವ ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳದಲ್ಲಿ ಮೇಲೇಳುವುದು ನಮ್ಮ ಕಥೆಯ ದೊಡ್ಡ ತಮಾಷೆ. ನಾಲ್ಕು ದಿನ ಬಿಟ್ಟು ಆ ಉಳಿದರ್ಧ ತೆಗೆಯಲು ಸಿರುಗುಪ್ಪಕ್ಕೆ ಹೋದೆವು. ಬಳೆ ಇಡಲು ಅಕ್ಕನೂ ಬಂದಿದ್ದಳು. ಆಕೆ ಗುಳ್ಳೆಯ ಬಳೆಯನ್ನು ಹುಡುಗಿಯ ಎಡಗೈಗೆ ಏರಿಸುತ್ತಿದ್ದಳು. ನಾನು ತಡೆದೆ. ಬಲಗೈ ಎಂದೆ. ಮೊಬೈಲ್ ತೆಗೆದು ಚಿತ್ರ ತೋರಿಸಿದೆ, ನಾಲ್ಕು ಜನರ ಎದುರಿಗೆ, ತುಸು ಜೋರು ಧ್ವನಿಯಲ್ಲೇ. ಚಿತ್ರದಲ್ಲಿ ಬಳೆ ಸ್ಪಷ್ಟವಾಗಿ ಬಲಗೈಯಲ್ಲಿತ್ತು.

ಅಕ್ಕ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಸೆರಗು ನೋಡು ತಮ್ಮಾ, ಬಲಗಡಿ ಹೆಗಲ ಮ್ಯಾಲೆ ಹೋಗೈತಿ. ದೆವ್ವ ಆದ್ರೂ ಸೀರಿ ಉಲ್ಟಾ ಉಡ್ತಾಳೇನು?”

ಆ ಚಿತ್ರ ಹುಡುಗಿ ನನ್ನ ಮೊಬೈಲ್ ಇಸಿದುಕೊಂಡು ತಾನೇ ತೆಗೆದುಕೊಂಡ ಸೆಲ್ಫಿ. ಕನ್ನಡಿಯ ಹಾಗೆ ಎಡಬಲ ಅದಲು ಬದಲಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ನಾನು ಕನ್ನಡಿಯನ್ನೇ ನಂಬಿ ಕೆಟ್ಟಿದ್ದೆ. ಗಿರಣಿಯ ಹಮಾಲರು ಕೂಡ ನಕ್ಕರು. ನಿರ್ದೇಶಕರು ಮಾತ್ರ ನಗಲಿಲ್ಲ. ಅವತ್ತು ಸಂಜೆಯೇ ನನ್ನ ಕೆಲಸದ ಆ ಭಾಗವನ್ನು ಅಕ್ಕನಿಗೆ ವಹಿಸಿದರು. ಒಂದು ವಾರ ನಾನು ಆಕೆಯ ಜೊತೆ ಮುಖ ಗಂಟು ಹಾಕಿಕೊಂಡೇ ಇದ್ದೆ. ಆಕೆ ಅದನ್ನು ಗಮನಿಸಿದ ಹಾಗೆ ತೋರಿಸಿಕೊಳ್ಳಲಿಲ್ಲ.

ಅಕ್ಕನಿಗೆ ಓದಲು ನಿಧಾನವಾಗಿ ಬರುತ್ತಿತ್ತು, ಬರೆಯುವುದು ಬೇಡವಾಗಿತ್ತು. ಆಕೆಯ ಲೆಕ್ಕವೆಲ್ಲ ಮಲಾರದಲ್ಲಿ. ಮೊದಲು ಬಳೆಗಾರರು ಊರೂರು ಸುತ್ತುವಾಗ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಬಳೆಗಳ ಸರಗಳ ಗೊಂಚಲಿಗೆ ಮಲಾರ ಎಂದು ಹೆಸರು. ಆಕೆಯ ಗಂಡ ಹೊತ್ತು ತಿರುಗಿದ್ದು ಮನೆಯ ಗೂಟಕ್ಕೆ ಇನ್ನೂ ತೂಗುತ್ತಿತ್ತು. ಅಕ್ಕ ಅದನ್ನು ಖಾಲಿ ಮಾಡಿ ನಮ್ಮ ಸಿನಿಮಾಕ್ಕೆ ಕೊಟ್ಟಳು. ಒಂದೊಂದು ದೃಶ್ಯಕ್ಕೆ ಒಂದೊಂದು ಸರ. ಅವತ್ತು ಯಾವ ಬಳೆ ಯಾವುದರ ಪಕ್ಕ ಇತ್ತೋ ಅದೇ ಸಾಲಿನಲ್ಲಿ ಮಾದರಿ ಬಳೆ ಪೋಣಿಸಿ, ಎಡಗೈ ಮುಗಿದಲ್ಲಿ ಒಂದು ಗಂಟು, ಬಲಗೈ ಮುಗಿದಲ್ಲಿ ಎರಡು ಗಂಟು. ತುದಿಗೆ ಅವತ್ತಿನ ಸೀರೆಯ ಬಣ್ಣದ ಚಿಂದಿ. ಬಾಗಿಲು ತೆರೆದಿದ್ದರೆ ಚಿಂದಿಯನ್ನು ಸಡಿಲ ಬಿಡುತ್ತಿದ್ದಳು, ಮುಚ್ಚಿದ್ದರೆ ಬಿಗಿದು ಕಟ್ಟುತ್ತಿದ್ದಳು. ನಾನು ನೋಟ್‌ಬುಕ್ಕಿನಲ್ಲಿ ಎರಡು ಪುಟ ಹುಡುಕುವಷ್ಟರಲ್ಲಿ ಆಕೆ ಕಣ್ಣು ಮುಚ್ಚಿ ಸರದ ಮೇಲೆ ಬೆರಳಾಡಿಸಿ ಹೇಳಿಬಿಡುತ್ತಿದ್ದಳು.

ಆ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಅಲ್ಲಿ ಆಕೆಯ ಜೊತೆ ಇದ್ದವಳು ನಾದಿನಿ, ಗಂಡನ ತಂಗಿ. ಬಹಳ ಹಿಂದೆಯೇ ತವರಿಗೆ ಮರಳಿ ಬಂದು ಉಳಿದವಳು. ಇಬ್ಬರೂ ಒಂದೇ ಒಲೆಯಲ್ಲಿ ಅಡಿಗೆ ಮಾಡುತ್ತಿದ್ದರು, ಒಂದೇ ಅಂಗಡಿಯಲ್ಲಿ ಸರದಿ ಪ್ರಕಾರ ಕೂರುತ್ತಿದ್ದರು, ಆದರೆ ಮಾತು ಮಾತ್ರ ಉಪ್ಪಿನಕಾಯಿಯಷ್ಟು. ನಾದಿನಿ ನನಗೆ ಚಹಾ ಕೊಟ್ಟು, ಒಡೆದ ಬಳೆ ಒಳ್ಳೆಯ ಬಳೆ ಬೇರೆ ಮಾಡುತ್ತಾ ಮೂಲೆಯಲ್ಲಿ ಕೂರುತ್ತಿದ್ದಳು. ಸಿನಿಮಾದ ವಿಷಯ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಸಿಡುಕಿನ ಹೆಂಗಸು ಎಂದು ನಾನು ತೀರ್ಮಾನಿಸಿದ್ದೆ. ಆಗ ನಾನು ತೀರ್ಮಾನಗಳನ್ನು ಬಹಳ ಬೇಗ ಮಾಡುತ್ತಿದ್ದೆ.

ಮೊದಲ ಭಾಗ ಬಳ್ಳಾರಿಯ ಟಾಕೀಸಿಗೆ ಬಂದಾಗ ಅಕ್ಕನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಕ್ಕ ಒಂದು ಸಲವೂ ನಗಲಿಲ್ಲ. ಮಧ್ಯಂತರದಲ್ಲಿ ಹೊರಗೆ ಬಂದು, ಅಡಿಗೆಮನೆಯ ಬಾಗಿಲಿನ ಚಿಲಕ ಒಂದು ಸಲ ಒಳಗಿದೆ, ಒಂದು ಸಲ ಹೊರಗಿದೆ ಎಂದಳು. ಅದು ನನ್ನ ಕಾಲದ ತಪ್ಪು. ಯಾರು ನೋಡ್ತಾರಕ್ಕಾ ಎಂದೆ. ಬಾಗಿಲು ನೋಡುತ್ತದೆ ಎಂದಳು. ಇಂಥ ಉತ್ತರಗಳಿಗೆ ನಾನು ಬೆಂಗಳೂರಿನಲ್ಲಿ ಏನೂ ಕಲಿತಿರಲಿಲ್ಲ.

ಸಿನಿಮಾ ಓಡಿತು. ಎರಡನೆಯ ಭಾಗ ಎಂದರು. ಅಲ್ಲಿಂದ ಅಕ್ಕನ ನಿಜವಾದ ಕೆಲಸ ಶುರುವಾಯಿತು. ಒಂದೇ ಸಿನಿಮಾದೊಳಗಿನ ಬಳೆ, ಚಿಲಕ ನೋಡಿಕೊಳ್ಳುವುದು ಒಂದು ಕೆಲಸ. ಆದರೆ ದೆವ್ವಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಮೊದಲ ಭಾಗದಲ್ಲಿ ಕೊಟ್ಟ ಮಾತನ್ನು ಎರಡನೆಯ ಭಾಗದಲ್ಲಿ ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಬರೆದವರೇ ಮರೆತಿರುತ್ತಾರೆ. ಅಕ್ಕ ಮರೆಯುತ್ತಿರಲಿಲ್ಲ. ಹಿಂದಿನದನ್ನು ಮರೆತವನು ಮುಂದಿನದೇನು ತೋರಿಸುತ್ತಾನೆ ಎಂಬುದು ಆಕೆಯ ಮಾತು, ದಿನಕ್ಕೆ ಒಂದು ಸಲವಾದರೂ ನಿರ್ದೇಶಕರ ಕಿವಿಗೆ ಬೀಳುತ್ತಿತ್ತು.

ಎರಡನೆಯ ಭಾಗದಲ್ಲಿ ದೆವ್ವ ಒಗ್ಗರಣೆ ಮಿರ್ಚಿ ಬಂಡಿಯ ಮುಂದೆ ನಿಂತು ಮಿರ್ಚಿ ಬಜ್ಜಿ ತಿನ್ನುವ ದೃಶ್ಯವಿತ್ತು. ಎಲ್ಲ ಸಿದ್ಧವಾದ ಮೇಲೆ ಅಕ್ಕ ಬಂದು, ಮೊದಲನೆಯ ಭಾಗದಲ್ಲಿ ದೆವ್ವ ಉಪ್ಪು ಮುಟ್ಟುವುದಿಲ್ಲ ಎಂದು ಪೂಜಾರಿಯ ಬಾಯಲ್ಲಿ ಹೇಳಿಸಿದ್ದೀರಿ, ಮಿರ್ಚಿಯ ಹಿಟ್ಟಿಗೆ ಉಪ್ಪು ಹಾಕುವುದಿಲ್ಲವೇ ಎಂದು ಕೇಳಿದಳು. ನಿರ್ದೇಶಕರು ತೆಲುಗಿಗೆ ತಿರುಗಿದರು. ಅಕ್ಕನೂ ತೆಲುಗಿನಲ್ಲೇ ಉತ್ತರ ಕೊಟ್ಟಳು. ಕೊನೆಗೆ ದೆವ್ವಕ್ಕೆಂದೇ ಉಪ್ಪಿಲ್ಲದ ಮಿರ್ಚಿ ಕರಿಸಿದೆವು. ಅದನ್ನು ಕಚ್ಚಿದ ಹುಡುಗಿ ಮುಖ ಕಿವುಚಿದ ರೀತಿ ಇದೆಯಲ್ಲ, ಆ ಸಿನಿಮಾದಲ್ಲಿ ಜನ ಅತಿ ಹೆಚ್ಚು ನಕ್ಕದ್ದು ಅಲ್ಲಿ. ನಟನೆಯೇ ಅಲ್ಲ ಅದು.

ಜಗಳವಾದದ್ದು ಬಳೆಗೆ. ಮೊದಲ ಭಾಗದ ಕೊನೆಯಲ್ಲಿ ಗಂಡ ಹೆಂಡತಿಯ ದೆವ್ವವನ್ನು ಗುರುತು ಹಿಡಿದು, ಗಾಬರಿಗೋ ಸಂತೋಷಕ್ಕೋ ಎದೆ ಒಡೆದು ಸಾಯುತ್ತಾನೆ. ಆದ್ದರಿಂದ ಎರಡನೆಯ ಭಾಗದಲ್ಲಿ ದೆವ್ವ ವಿಧವೆ, ಬಿಳಿ ಸೀರೆ ಉಟ್ಟು ಬೋಳು ಕೈಯಲ್ಲಿ ಬರಬೇಕು, ಪೋಸ್ಟರಿನಲ್ಲೂ ಹೊಸತಾಗಿ ಕಾಣುತ್ತದೆ ಎಂದು ನಿರ್ದೇಶಕರು ಹೊಸ ಐಡಿಯಾ ತೆಗೆದರು. ನನಗೂ ಅದು ತರ್ಕಬದ್ಧವಾಗಿಯೇ ಕಂಡಿತು. ಗಂಡ ಸತ್ತನಲ್ಲ, ಅದೂ ಕಂಟಿನ್ಯುಟಿಯೇ ತಾನೆ? ಹುಡುಗಿ ಹಸಿರು ಬಳೆ ಇಟ್ಟುಕೊಂಡು ಹಿಂದಿನ ಕಥೆ ನೆನಪಿಸುವ ದೃಶ್ಯವೊಂದನ್ನು ಮುಗಿಸಿ ಬಂದು ಕೂತಿದ್ದಳು. ಬಳೆ ತೆಗೆ ಎಂದು ಅಕ್ಕನಿಗೆ ಹೇಳಿದರು. ಅಕ್ಕ ಕೈ ಮಡಚಿ ಕೂತುಬಿಟ್ಟಳು.

“ಮುತ್ತೈದಿಯಾಗಿ ಸತ್ತಾಕಿನ್ನ ಮತ್ತ ವಿಧವಾ ಮಾಡಾಕ ಬರಂಗಿಲ್ರಿ. ಸತ್ತ ಮ್ಯಾಲೂ ಬಿಡಂಗಿಲ್ಲ ಅಂದ್ರ ಹೆಂಗ?”

ನಿರ್ದೇಶಕರು ಬೇರೆ ಯಾರಾದರೂ ತೆಗೆಯಿರಿ ಎಂದರು. ಹುಡುಗಿ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವತ್ತಿನ ಚಿತ್ರೀಕರಣ ನಿಂತಿತು. ಹಿಂಗಾದರೆ ನಾಳೆಯಿಂದ ನಿನ್ನ ಕೆಲಸ ಇಲ್ಲ ಎಂದು ನಿರ್ದೇಶಕರು ಅಕ್ಕನಿಗೆ ಹೇಳಿಯೂಬಿಟ್ಟರು. ಆಕೆ ಮಲಾರ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಸಮಾಧಾನ ಮಾಡಿ ಕರೆತರಲು ನನ್ನನ್ನು ಕಳಿಸಿದರು.

ಬಳ್ಳಾರಿಯ ಬಸ್ಸು ಬಂದು ಹೋಗುವ ಕಟ್ಟೆಯ ಮೇಲೆ ಕೂತು ಅಕ್ಕ ನನಗೆ ಹೇಳಿದ್ದು ಇದು. ಗಂಡ ತೀರಿಕೊಂಡ ದಿನ ಆಕೆಯನ್ನು ಹೆಣದ ಪಕ್ಕ ಕೂರಿಸಿ ಓಣಿಯ ಹೆಂಗಸರು ಸುತ್ತ ನೆರೆದರು. ಅವರಲ್ಲಿ ಪ್ರತಿಯೊಬ್ಬಳ ಕೈಗೂ ಅಕ್ಕ ಬಳೆ ಇಟ್ಟವಳು, ಕೆಲವರಿಗೆ ಮದುವೆಯ ಬಳೆ, ಕೆಲವರಿಗೆ ಸೀಮಂತದ ಬಳೆ. ಅವರೇ ಆಕೆಯ ಕೈ ಹಿಡಿದರು. ಕಲ್ಲು ತೆಗೆದುಕೊಂಡು ಹನ್ನೆರಡು ಬಳೆಗಳನ್ನೂ ಒಡೆದವಳು ನಾದಿನಿ.

“ಹನ್ನೆರಡಲ್ಲ,” ಎಂದು ಅಕ್ಕ ತಿದ್ದಿಕೊಂಡಳು. “ಹನ್ನೊಂದು. ಅವರು ಬರೂಕಿಂತ ಮೊದ್ಲ ಎಡಗೈಯಾಗಿಂದ ಒಂದು ಜಾರಿಸಿ ಉಡ್ಯಾಗ ಮುಚ್ಚಿಟ್ಕೊಂಡಿದ್ದೆ. ಯಾರೂ ನೋಡಲಿಲ್ಲ. ಪೆಟಿಗ್ಯಾಗ ಇಟ್ಟು ಏನ್ ಮಾಡ್ಲಿ ತಮ್ಮಾ, ದೆವ್ವದ ಕೈಯಾಗರ ಬಿಸಲು ನೋಡ್ಲಿ ಅಂತ ತಂದುಕೊಟ್ಟೆ.”

ಗುಳ್ಳೆಯ ಬಳೆ ಅದು. ನಾನು ಎದ್ದು ಹೋಗಿ ಎರಡು ಚಹಾ ತಂದೆ. ಕೊನೆಗೆ ಆಕೆ, ನನ್ನ ಕೈ ಬಳೆ ಇಡುವ ಕೈ, ಯಾರ ಕೈಯನ್ನೂ ಬರಿದು ಮಾಡುವುದಿಲ್ಲ, ಬೇಕಾದರೆ ಕೆಲಸ ಬಿಡುತ್ತೇನೆ ಎಂದಳು. ಧ್ವನಿ ಏರಿರಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು, ಮಲಾರದ ಒಂದು ಸಡಿಲ ಗಂಟನ್ನು ಬಿಗಿ ಮಾಡಿದಳು. ಕೆಲಸ ಬಿಟ್ಟವಳು ಗಂಟು ಯಾಕೆ ಬಿಗಿಯುತ್ತಾಳೆ ಎಂದು ನನಗೆ ಧೈರ್ಯ ಬಂತು.

ನಾನು ವಾಪಸು ಹೋಗಿ ಆಕೆಯ ಸ್ವಂತ ಕಥೆಯನ್ನು ಹೇಳಲಿಲ್ಲ. ಮುತ್ತೈದೆ ದೆವ್ವವನ್ನು ವಿಧವೆ ಮಾಡಿದರೆ ಹೆಂಗಸರು ಟಾಕೀಸಿಗೆ ಬರುವುದಿಲ್ಲ ಎಂದು ಹೆದರಿಸಿದೆ. ನಿರ್ದೇಶಕರು ಒಂದು ದಿನ ಗಡ್ಡ ಕೆರೆದುಕೊಂಡರು. ಮರುದಿನ, ಗಂಡನೂ ದೆವ್ವವಾಗಿ ಬರುತ್ತಾನೆ, ಸಂಸಾರ ಮುಂದುವರಿಯುತ್ತದೆ, ದೆವ್ವಗಳಿಬ್ಬರೂ ಬೀದಿಯಲ್ಲಿ ನಿಂತು ಜಗಳಾಡುತ್ತಾರೆ ಎಂದು ಕಥೆ ಬದಲಿಸಿದರು. ಎರಡನೆಯ ಭಾಗ ಗೆದ್ದದ್ದೇ ಆ ಜಗಳಗಳಿಂದ. ಆ ಐಡಿಯಾ ಬಳ್ಳಾರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ತನಗೆ ಹೊಳೆಯಿತು ಎಂದು ಅವರು ಈಗಲೂ ಹೇಳುತ್ತಾರೆ. ಹೇಳಲಿ ಬಿಡಿ.

ಮೂರನೆಯದು ಕೊನೆಯ ಭಾಗ. ಅದರಲ್ಲಿ ದೆವ್ವಕ್ಕೆ ಮುಕ್ತಿ ಸಿಗಬೇಕು. ಕೊನೆಯ ಚಿತ್ರ ನಿರ್ದೇಶಕರ ತಲೆಯಲ್ಲಿ ಮೂರು ವರ್ಷದಿಂದ ಕೂತಿತ್ತು. ಅದೇ ಬಾವಿಯ ಕಟ್ಟೆ, ಮಧ್ಯಾಹ್ನದ ಬಿಸಿಲು, ದೆವ್ವ ಹೋಗಿಬಿಟ್ಟಿದೆ, ಕಲ್ಲಿನ ಮೇಲೆ ಹನ್ನೆರಡು ಹಸಿರು ಬಳೆ ಮಾತ್ರ ಉಳಿದಿವೆ, ಒಂದರಲ್ಲಿ ಗುಳ್ಳೆ ಮಿನುಗುತ್ತಿದೆ. ಅದರ ಹಿಂದಿನ ಚಿತ್ರದಲ್ಲಿ ಆ ಕೈಗಳಿಂದ ಬಳೆ ಜಾರಿ ಕಲ್ಲಿಗೆ ಉರುಳುವುದನ್ನು ತೋರಿಸಬೇಕು. ಅಂದರೆ ಬಳೆ ತೆಗೆಯಲೇಬೇಕು. ಬೇರೆ ಬಳೆ ಇಟ್ಟು ಉರುಳಿಸೋಣ ಎಂದು ನಾನೇ ಸೂಚಿಸಿದೆ. ಅಕ್ಕ ನನ್ನ ಕಡೆ ನೋಡಿದ ನೋಟಕ್ಕೆ ನಾನು ಬಾಯಿ ಮುಚ್ಚಿದೆ. ಮೂರು ಸಿನಿಮಾ ನೋಡಿದ ಜನರಿಗೆ ಆ ಬಳೆ ಗೊತ್ತು. ಬೇರೆಯದನ್ನು ಇಟ್ಟರೆ ಅದು ಮೋಸ, ಮೋಸ ಆಕೆಯಿಂದ ಆಗದು. ತೆಗೆದರೆ ಕೈ ಬರಿದು, ಅದೂ ಆಕೆಯಿಂದ ಆಗದು. ಆಕೆ ಬದುಕಿನಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ ಎರಡೇ ಎರಡು ಮಾತುಗಳು ಒಂದಕ್ಕೊಂದು ಎದುರಾಗಿ ನಿಂತಿದ್ದವು. ಈ ಸಲ ಆಕೆ ಎದ್ದು ಹೋಗಲಿಲ್ಲ. ಬಾವಿಯ ಕಟ್ಟೆಗೆ ಒರಗಿ, ಹುಡುಗಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಳೆಗಳ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತಳು. ನಾವು ಯಾರೂ ಅವಸರ ಮಾಡಲಿಲ್ಲ, ನಿರ್ದೇಶಕರು ಕೂಡ.

ಆಮೇಲೆ ಆಕೆ ಹುಡುಗಿಯ ಹಸಿರು ಸೆರಗಿನ ಅಂಚಿನಿಂದ ಎರಡು ಎಳೆ ಎಳೆದಳು. ಯಾರನ್ನೋ ಕಳಿಸಿ ಹತ್ತಿರದ ಮನೆಯಿಂದ ಅರಿಶಿನ ತರಿಸಿ ಎಳೆಗಳಿಗೆ ತಿಕ್ಕಿದಳು. ಹೆಂಗಸರು ಹಳೆಯ ಬಳೆ ತೆಗೆದು ಹೊಸತು ಇಡಿಸಿಕೊಳ್ಳುವಾಗ ಕೈ ಒಂದು ಗಳಿಗೆಯೂ ಬರಿದಾಗಬಾರದೆಂದು ಆಕೆ ಕಟ್ಟುತ್ತಿದ್ದ ದಾರ ಅದು. ಎರಡೂ ಮುಂಗೈಗೆ, ಬಳೆಗಳಿಗಿಂತ ಮೇಲೆ, ಒಂದೊಂದು ಎಳೆ ಕಟ್ಟಿದಳು. ಕ್ಯಾಮೆರಾದ ಕಣ್ಣಿಗೆ ಬೆರಳು ಮತ್ತು ಬಳೆ ಮಾತ್ರ ಬೀಳುತ್ತವೆ, ದಾರ ಫ್ರೇಮಿನ ಹೊರಗೆ ಉಳಿಯುತ್ತದೆ, ಕಾಣದ ಮೇಲೆ ಕಟ್ಟುವುದು ಯಾಕೆ ಎಂದು ನಿರ್ದೇಶಕರು ಮೆಲ್ಲಗೆ ಕೇಳಿದರು.

“ಕಾಣ್ಲಿ ಅಂತ ಕಟ್ಟಾಕತ್ತಿಲ್ರಿ,” ಎಂದಳು.

ಹೆಬ್ಬೆರಳಿನ ಬುಡವನ್ನು ಒತ್ತಿ, ಅಂಗೈಯನ್ನು ಮಡಚಿ, ಒಂದೊಂದೇ ಬಳೆಯನ್ನು ಆಕೆ ಜಾರಿಸಿದಳು. ಒಂದೂ ಒಡೆಯಲಿಲ್ಲ. ಗುಳ್ಳೆಯ ಬಳೆಯನ್ನು ಕೊನೆಗೆ ತೆಗೆದಳು. ಅವು ಕಲ್ಲಿನ ಮೇಲೆ ಉರುಳಿ ನಿಂತದ್ದನ್ನು ಒಂದೇ ಸಲಕ್ಕೆ ಸರಿಯಾಗಿ ತೆಗೆದೆವು. ಚಿತ್ರೀಕರಣ ಮುಗಿದ ಕೂಡಲೇ ಆಕೆ ಹನ್ನೆರಡನ್ನೂ ಆಯ್ದು, ಹುಡುಗಿಯ ಕೈಗೆ ಹೊಸ ಬಳೆ ಇಟ್ಟು, ಆಮೇಲೆ ದಾರ ಬಿಚ್ಚಿದಳು. ಹುಡುಗಿ ಬಗ್ಗಿ ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬಳೆ ಇಡಿಸಿಕೊಂಡವರು ಬಳೆಗಾರ್ತಿಗೆ ಮಾಡುವ ಮಾಮೂಲು ನಮಸ್ಕಾರ ಅದು. ಆಕೆಗೆ ಯಾರೂ ಅದನ್ನು ಮಾಡಿ ಎಷ್ಟೋ ವರ್ಷವಾಗಿತ್ತು. ಆಕೆಯ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನನ್ನದೂ ತುಂಬಿತ್ತು. ಬಿಸಿಲಿನ ನೆಪ ಹೇಳಿ ಇಬ್ಬರೂ ಮುಖ ಒರೆಸಿಕೊಂಡೆವು.

ಅದಾದ ಮೇಲೆ ನಾವು ಸಿನಿಮಾ ಮಾಡಲಿಲ್ಲ. ನಾನು ಬಳ್ಳಾರಿಯಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾ ಉಳಿದೆ. ಈಗಲೂ ತಾಳಿ ಕಟ್ಟುವ ಮೊದಲಿನ ದೃಶ್ಯದಲ್ಲಿ ತಾಳಿ ಕಂಡರೆ ಆಕೆಯ ಮುಖ ನೆನಪಾಗಿ ಕತ್ತರಿಸುತ್ತೇನೆ. ಕುರುಗೋಡಿನ ಕಡೆ ಹೋದಾಗ ಅಂಗಡಿಯಲ್ಲಿ ಕೂತು ಬರುತ್ತಿದ್ದೆ. ಕಳೆದ ವರ್ಷದಿಂದ ಆಕೆ ಕಾಯಿಲೆಯಲ್ಲಿ ಸೊರಗಿದ್ದಳು, ಅಂಗಡಿಯಲ್ಲಿ ನಾದಿನಿಯೇ ಇರುತ್ತಿದ್ದಳು. ಸುದ್ದಿ ಬಂದ ದಿನ ಸಿರುಗುಪ್ಪದಿಂದ ಆ ಹುಡುಗಿಯೂ ಬಂದಳು. ಇಬ್ಬರೂ ಬಳ್ಳಾರಿಯಿಂದ ಒಂದೇ ಬಸ್ಸಿನಲ್ಲಿ ಹೋದೆವು. ಓಣಿಗೆ ಕಾಲಿಡುತ್ತಿದ್ದಂತೆ ಹೆಂಗಸರು ಹುಡುಗಿಯನ್ನು ಗುರುತು ಹಿಡಿದು, ದೆವ್ವ ಬಂತು ನೋಡ್ರೇ ಎಂದು ಪಿಸುಗುಟ್ಟಿ, ಸಾವಿನ ಮನೆ ಎಂದು ನೆನಪಾಗಿ ಬಾಯಿಗೆ ಸೆರಗು ಹಿಡಿದರು. ಅಕ್ಕ ಇದ್ದಿದ್ದರೆ ನಗುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ.

ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಕೈಗಳು ತೊಡೆಯ ಮೇಲೆ ಬರಿದಾಗಿದ್ದವು. ಹುಡುಗಿ ಆ ಕೈಗಳನ್ನೇ ನೋಡುತ್ತಾ ಕೂತಳು. ನಾನೂ ನೋಡಿದೆ. ಹಿಂದಿನ ದೃಶ್ಯದಲ್ಲಿ ಹೇಗಿತ್ತೋ ಹಾಗೇ ಇರಬೇಕೆಂದು ನಮಗೆ ಕಲಿಸಿದವಳು ಆಕೆ. ಇಪ್ಪತ್ತು ವರ್ಷದಿಂದ ಆಕೆಯ ಕೈ ಇದ್ದದ್ದು ಹಾಗೇ. ಆದರೂ ನನಗೆ ಆ ನಿಯಮದ ಮೇಲೆ ಮೊದಲ ಬಾರಿಗೆ ಸಿಟ್ಟು ಬಂತು.

ಮಣ್ಣಿಗೆ ಎತ್ತುವ ಹೊತ್ತಾದಾಗ ನಾದಿನಿ ಎದ್ದಳು. ಗೂಟದಿಂದ ಮಲಾರ ಇಳಿಸಿ ನೆಲದ ಮೇಲಿಟ್ಟುಕೊಂಡು, ಸರಗಳ ಮೇಲೆ ಬೆರಳಾಡಿಸಿದಳು, ಥೇಟ್ ಅಕ್ಕನ ಹಾಗೆ. ಬಾವಿಯ ಕಟ್ಟೆಯಿಂದ ಆಯ್ದ ಹನ್ನೆರಡು ಬಳೆಗಳನ್ನು ಅಕ್ಕ ಪೋಣಿಸಿಟ್ಟಿದ್ದ ಕೊನೆಯ ಸರ ಸಿಕ್ಕಿತು. ಗಂಟು ಬಿಚ್ಚಿ ಗುಳ್ಳೆಯ ಬಳೆಯನ್ನು ತೆಗೆದಳು. ಅಕ್ಕನ ಪಕ್ಕ ಕೂತು, ಅಂಗೈಯನ್ನು ಮಡಚಿ, ಮೆಲ್ಲಗೆ ಏರಿಸಿದಳು. ಸೊರಗಿದ ಕೈಗೆ ಅದು ತಡೆಯಿಲ್ಲದೆ ಹೋಯಿತು. ಸಂಬಂಧಿಕರಲ್ಲಿ ಹಿರಿಯಳೊಬ್ಬಳು, ಏನು ಮಾಡುತ್ತಿದ್ದೀ, ಗಂಡ ಸತ್ತವಳಿಗೆ ಬಳೆ ಇಡುತ್ತಾರೆಯೇ ಎಂದು ಮುಂದೆ ಬಂದಳು. ನಾದಿನಿ ತಲೆ ಎತ್ತಲಿಲ್ಲ.

“ಇಡಾಕತ್ತಿಲ್ಲಬೇ. ಇದನ್ನ ಒಡದ ಇಲ್ಲ ನಾನು. ಅವತ್ತು ಹನ್ನೊಂದ ಒಡದಿದ್ದೆ, ಒಂದು ಕಮ್ಮಿ ಇತ್ತು. ನಾನೂ ಬಳಿಗಾರ ಮನಿ ಮಗಳು, ನನಗ ಎಣಿಕಿ ಬರಂಗಿಲ್ಲೇನು?”

ಹಿರಿಯಳು ಮುಂದಿಟ್ಟ ಹೆಜ್ಜೆಯನ್ನು ಹಿಂದೆ ತೆಗೆದುಕೊಂಡಳು. ಇಪ್ಪತ್ತು ವರ್ಷ ಆ ಮನೆಯಲ್ಲಿ ಒಬ್ಬಳು ಬಳೆ ಮುಚ್ಚಿಟ್ಟಿದ್ದಳು, ಇನ್ನೊಬ್ಬಳು ಅದು ಗೊತ್ತೆಂಬುದನ್ನು ಮುಚ್ಚಿಟ್ಟಿದ್ದಳು. ಹುಡುಗಿ ನನ್ನ ತೋಳು ಹಿಡಿದುಕೊಂಡು ಅಳುತ್ತಿದ್ದಳು. ಹೊರಗೆ ಭಜನೆಯವರು ತಾಳ ಶುರು ಮಾಡಿದರು, ನಾಲ್ಕು ಜನ ಎತ್ತಲು ಒಳಗೆ ಬಂದರು. ನಾನು ಗೋಡೆಗೆ ಸರಿದು ಜಾಗ ಬಿಟ್ಟೆ. ಎತ್ತುವ ಮೊದಲು, ಅಭ್ಯಾಸ ಬಲದಿಂದ, ಬಳೆ ಯಾವ ಕೈಯಲ್ಲಿದೆ ಎಂದು ನೋಡಿದೆ. ಎಡಗೈ. ಸರಿಯಾಗಿತ್ತು.